ಕಾಕಾನ ಡಬ್ಬಿಯೊಳಗಿನ ಕಟ್ಟಡಗಳು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನಮ್ಮ ಕಾಕಾನದೊಂದು ಚಹಾದಂಗಡಿ ಇದೆ. ಅಂಗಡಿ ಅಂದರೆ ಒಂದು ತಗಡಿನ ಚಪ್ಪರ, ಎರಡು ಬೆಂಚು, ಒಂದು ಗ್ಯಾಸ್ ಒಲೆ, ಮಂಡಕ್ಕಿ ತುಂಬಿದ ಚೀಲ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕೂತು ಚಹಾ ಕುಡಿಯುವ ಹೊರಗಿನವರು ನಾಲ್ಕು ಸಲ ಸೀನದೆ ಲೋಟ ಖಾಲಿ ಮಾಡಿದ್ದನ್ನು ನಾನು ಕಂಡಿಲ್ಲ. ಕಾಕಾನ ಗಲ್ಲಾಪೆಟ್ಟಿಗೆಯ ಚಿಲ್ಲರೆಗೂ ಅದೇ ಘಾಟು. ಮೂಗಿನ ಹತ್ತಿರ ಹಿಡಿದರೆ ಯಾವ ನಾಣ್ಯ ಬ್ಯಾಡಗಿಯದು, ಯಾವುದು ರಾಣೇಬೆನ್ನೂರಿನಿಂದ ಬಂದದ್ದು ಎಂದು ಹೇಳಬಲ್ಲೆ ಎಂದು ಕಾಕಾ ಜಂಬ ಕೊಚ್ಚಿಕೊಳ್ಳುವುದುಂಟು.

ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಹಳೆಯ ಬೋರ್ನ್‌ವಿಟಾ ಡಬ್ಬಿ. ಅದರೊಳಗಿನ ನಾಣ್ಯಗಳು ಚಿಲ್ಲರೆಯಾಗಿ ಹೊರಗೆ ಹೋಗುವುದಿಲ್ಲ. ನಾಣ್ಯ ಕೂಡಿಡುವವರು ಊರಿಗೊಬ್ಬರು ಸಿಗುತ್ತಾರೆ. ಆದರೆ ಕಾಕಾನದು ಬೇರೆ ಹಟ. ನೆಹರೂ, ಇಂದಿರಾ, ಅಂಬೇಡ್ಕರ್ ಯಾರ ಮುಖವಿದ್ದರೂ ಅವು ಗ್ರಾಹಕರಿಗೆ ವಾಪಸ್. "ಮಾರಿ ಇದ್ದದ್ದು ನನಗ್ಯಾಕ? ಕಟ್ಟಡ ಇದ್ದದ್ದು ಬೇಕು" ಎನ್ನುತ್ತಿದ್ದ. ಕಾಕಾ ಚಹಾ ಮಾರುವ ಮುಂಚೆ ಇಪ್ಪತ್ತು ವರ್ಷ ರಾಣೇಬೆನ್ನೂರಿನಲ್ಲಿ ಗೌಂಡಿ ಕೆಲಸ ಮಾಡಿದವನು. ಸಾರುವೆ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಕರಣಿ ಬಿಟ್ಟು ಸೌಟು ಹಿಡಿದ. ಕೈ ಬಿಟ್ಟರೂ ಕಣ್ಣು ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಗುಣಿ ನೋಡುತ್ತಾನೆ, ಆಮೇಲೆ ಮನೆಯವರನ್ನು.

ಡಬ್ಬಿಯಲ್ಲಿ ಸಂಸತ್ ಭವನವಿತ್ತು. ಸಂಸತ್ತಿಗೆ 60 ವರ್ಷ ತುಂಬಿದ ನೆನಪಿಗೆ 2012ರಲ್ಲಿ ಬಂದ 5 ರೂಪಾಯಿ ಮತ್ತು 10 ರೂಪಾಯಿಯ ನಾಣ್ಯಗಳು. ಆ ದುಂಡನೆಯ ಕಟ್ಟಡದ ಹೊರಸುತ್ತಿಗೆ 144 ಕಂಬಗಳಿವೆ ಎಂದು ನಾನು ಹೇಳಿದ ದಿನ ಕಾಕಾ ಭೂತಗನ್ನಡಿ ತರಿಸಿ ನಾಣ್ಯದ ಮೇಲೆ ಎಣಿಸಲು ಕೂತಿದ್ದ. "ನಮ್ಮ ಬಂಕಾಪುರದಾಗ ಅರವತ್ತು ಕಂಬದ ಗುಡಿ ಐತಿ, ಅದರ ಎರಡು ಪಟ್ಟಿಗಿಂತ ಜಾಸ್ತಿ ಆತಲ್ಲೋ" ಎಂದು ಲೆಕ್ಕ ಹಾಕಿದ. ಹೊಸ ಸಂಸತ್ ಭವನದ ಉದ್ಘಾಟನೆಯ ದಿನ, 2023ರ ಮೇ 28ರಂದು ಬಿಡುಗಡೆಯಾದ 75 ರೂಪಾಯಿಯ ನಾಣ್ಯವನ್ನು ಅವನು ಟೀವಿಯಲ್ಲಿ ಮಾತ್ರ ನೋಡಿದ್ದಾನೆ. 35 ಗ್ರಾಂ ತೂಕ, ಅರ್ಧ ಬೆಳ್ಳಿ. ಅಂಥವು ಚಹಾದಂಗಡಿಗೆ ಬರುವಂಥವಲ್ಲ, ಟಂಕಸಾಲೆಯಿಂದ ಸಂಗ್ರಹಕಾರರು ದುಡ್ಡು ಕಟ್ಟಿ ಕೊಳ್ಳುವಂಥವು. "75 ರೂಪಾಯಿ ನಾಣ್ಯಕ್ಕ ಸಾವಿರಗಟ್ಟಲೆ ಕೊಡಬೇಕಂದ್ರ ಅದು ರೊಕ್ಕ ಹೆಂಗ ಆಕ್ಕೈತಿ?" ಎಂಬ ಅವನ ಪ್ರಶ್ನೆಗೆ ಅರ್ಥಶಾಸ್ತ್ರದವರು ಉತ್ತರಿಸಬೇಕು.

ಆದರೆ ಡಬ್ಬಿಯ ರಾಜ ತಂಜಾವೂರು. ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷವಾದಾಗ, 2010ರಲ್ಲಿ, 5 ರೂಪಾಯಿಯ ನಾಣ್ಯ ಚಲಾವಣೆಗೆ ಬಂತು. ಜೊತೆಗೆ ಸಂಗ್ರಹಕಾರರಿಗೆಂದು 1000 ರೂಪಾಯಿಯದೂ ಒಂದು. ಇದರಲ್ಲೊಂದು ತಮಾಷೆಯಿದೆ. 1954ರಲ್ಲಿ ಬಂದ 1000 ರೂಪಾಯಿಯ ನೋಟಿನ ಹಿಂಬದಿಯಲ್ಲೂ ಇದೇ ಗುಡಿ ಇತ್ತು. 1978ರ ಜನವರಿಯಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ರದ್ದಾದಾಗ ಗುಡಿಯೂ ರದ್ದಾಯಿತು. ಮೂವತ್ತೆರಡು ವರ್ಷದ ಮೇಲೆ ಅದೇ ಸಾವಿರದ ಬೆಲೆ ಹೊತ್ತು, ಈ ಸಲ ಲೋಹದಲ್ಲಿ, ಮತ್ತೆ ಬಂತು. ಕಾಕಾನಿಗೆ ಇದ್ಯಾವುದೂ ಬೇಕಿರಲಿಲ್ಲ. 200 ಅಡಿಗೂ ಎತ್ತರದ ವಿಮಾನದ ತುದಿಗೆ ಅಷ್ಟು ದೊಡ್ಡ ಕಲ್ಲನ್ನು ಹೇಗೆ ಏರಿಸಿದರು ಎಂಬುದೊಂದೇ ಅವನ ಚಿಂತೆ. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು, ಸಾರುವೆ ಎಲ್ಲಿಂದ ಶುರು ಮಾಡಿರಬೇಕು, ಮಣ್ಣಿನ ಇಳಿಜಾರು ಎಷ್ಟು ದೂರದಿಂದ ಹಾಕಿರಬೇಕು ಎಂದು ಬೆರಳಿನಿಂದ ಗೆರೆ ಎಳೆಯುತ್ತಿದ್ದ.

ಅವನಿಗೆ ಹೊಟ್ಟೂರಿನ ಕಥೆ ಹೇಳಿದವನು ನಾನು. ನನ್ನ ಪಿಎಚ್‌ಡಿ ವಿಷಯ ಈ ಸೀಮೆಯ ಶಾಸನಗಳಲ್ಲಿ ಬರುವ ಹಣದ ದಾನಗಳು. ಹೊಟ್ಟೂರು ನಮ್ಮ ಜಿಲ್ಲೆಯದೇ, ಶಿಗ್ಗಾವಿ ತಾಲ್ಲೂಕಿನ ಹಳ್ಳಿ. ಅಲ್ಲಿಯ 1007ರ ಶಾಸನ ಚಾಲುಕ್ಯ ಸತ್ಯಾಶ್ರಯನ ಕಾಲದ್ದು. ಒಂಬತ್ತು ಲಕ್ಷ ಸೈನ್ಯದೊಂದಿಗೆ ಚೋಳರು ನಾಡಿಗೆ ನುಗ್ಗಿ, ಹೆಂಗಸರು ಮಕ್ಕಳೆನ್ನದೆ ಕೊಂದರೆಂದು ಅದು ಗೋಳಿಡುತ್ತದೆ. ಒಂಬತ್ತು ಲಕ್ಷ ಎನ್ನುವುದು ಭಯದ ಲೆಕ್ಕ, ತಲೆ ಎಣಿಸಿದ ಲೆಕ್ಕವಲ್ಲ. ಆದರೆ ಭಯವಂತೂ ನಿಜವಿದ್ದೀತು. ಇತ್ತ ಇದಾದ ಮೂರು ವರ್ಷಕ್ಕೆ, 1010ರಲ್ಲಿ, ತಂಜಾವೂರಿನ ಗುಡಿ ಮುಗಿಯಿತು. ಸತ್ಯಾಶ್ರಯನನ್ನು ಗೆದ್ದು ಬಂದ ಮೇಲೆ ರಾಜರಾಜ ಚೋಳ ದೇವರಿಗೆ ಚಿನ್ನದ ಹೂ ಅರ್ಪಿಸಿದ್ದನ್ನು ಆ ಗುಡಿಯ ಗೋಡೆಯ ಮೇಲೆ ಕೆತ್ತಿದ್ದಾರೆ.

ಕಾಕಾ ಹಾಲಿನ ಪಾತ್ರೆ ಉಕ್ಕುವುದನ್ನೂ ಮರೆತು ಕೇಳಿದ. ಕೇಳಿ ಆದ ಮೇಲೆ ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, "ಹಂಗಾರ ತಮ್ಮಾ, ಈ ಗುಡಿಯಾಗ ನಮ್ಮ ರೊಕ್ಕಾನೂ ಐತಿ ಅನ್ನು" ಎಂದ. ಸಿಟ್ಟಿನಿಂದಲ್ಲ. ತನ್ನದೂ ಒಂದು ಪಾಲಿದೆ ಎಂಬ ಸಮಾಧಾನದಿಂದ ಎಂದು ಆಗ ನನಗನಿಸಿತ್ತು.

ಇಷ್ಟು ಗುಡಿಗಳಿರುವ ನಮ್ಮ ಸೀಮೆಯ ಹಳೆಯ ನಾಣ್ಯಗಳ ಮೇಲೆ ಗುಡಿಯನ್ನು ಹುಡುಕಿ ನಾನು ಸೋತಿದ್ದೇನೆ. ಹಾನಗಲ್ಲಿನ ಕದಂಬರ ನಾಣ್ಯದಲ್ಲಿ ಹನುಮಂತ, ಗೋವೆಯ ಕದಂಬರದರಲ್ಲಿ ಸಿಂಹ, ಪದ್ಮಟಂಕದಲ್ಲಿ ತಾವರೆ, ವಿಜಯನಗರದಲ್ಲಿ ಗಂಡಭೇರುಂಡ, ಬಾಲಕೃಷ್ಣ. ಶಾಸನಗಳ ತುಂಬ ಮಾತ್ರ ಗದ್ಯಾಣ, ಪಣ, ಹಾಗ, ವೀಸಗಳ ಮಾತು. ನಂದಾದೀವಿಗೆಗೆ ಇಷ್ಟು ಗದ್ಯಾಣ, ಅದರ ಬಡ್ಡಿಯಿಂದ ಎಣ್ಣೆ. ಎಲೆಯ ಹೇರಿಗೆ ಇಷ್ಟು ಸುಂಕ, ಅದು ದೇವರ ಅಂಗಭೋಗಕ್ಕೆ. ಲಕ್ಕುಂಡಿಯಲ್ಲಿ ಅಚ್ಚಾದ ಲೊಕ್ಕಿಗದ್ಯಾಣಕ್ಕೆ ಒಂದು ಗೌರವವೇ ಇತ್ತು. ಆಗ ನಾಣ್ಯ ಗುಡಿಯೊಳಗೆ ಕರಗಿ ಕಲ್ಲಾಗುತ್ತಿತ್ತು, ಎಣ್ಣೆಯಾಗುತ್ತಿತ್ತು, ಅಕ್ಕಿಯಾಗುತ್ತಿತ್ತು. ಚಿತ್ರವಾಗಿ ನಾಣ್ಯದ ಮೇಲೇರುವ ಅಗತ್ಯ ಗುಡಿಗೆ ಇರಲಿಲ್ಲ.

ಬೇರೆಡೆ ಹಾಗಿರಲಿಲ್ಲ. ಪಂಜಾಬಿನ ಕಡೆಯ ಔದುಂಬರರ ನಾಣ್ಯಗಳಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಶಿವನ ಗುಡಿಯ ಚಿತ್ರ ಬಂದಿದೆ. ರೋಮಿನಲ್ಲಿ ಕೊಲೋಸಿಯಂ ಉದ್ಘಾಟನೆಯಾದ 80ನೇ ಇಸವಿಯ ಹೊತ್ತಿಗೇ ಚಕ್ರವರ್ತಿ ಟೈಟಸ್ ಅದನ್ನು ನಾಣ್ಯಕ್ಕೇರಿಸಿದ. 2002ರಲ್ಲಿ ಯೂರೋ ಚಲಾವಣೆಗೆ ಬಂದಾಗ ಇಟಲಿಯವರು ತಮ್ಮ ಐದು ಸೆಂಟಿನ ಮೇಲೆ ಮತ್ತೆ ಅದೇ ಕಟ್ಟಡವನ್ನು ಹಾಕಿದರು. ಗೆಳತಿಯೊಬ್ಬಳು ತಂದುಕೊಟ್ಟ ಅಂಥದ್ದೊಂದು ತಾಮ್ರಬಣ್ಣದ ಐದು ಸೆಂಟನ್ನು ಕಾಕಾನಿಗೆ ಕೊಟ್ಟೆ. "ಇದು ಪೂರ್ತಿ ಬಿದ್ದೈತಲ್ಲೋ, ರಿಪೇರಿ ಮಾಡಿಸಿಲ್ಲೇನು?" ಎಂದು ಕೇಳಿದ.

ನಮ್ಮ ದಕ್ಷಿಣದ್ದೇ ಒಂದು ಉದಾಹರಣೆ ನನಗೆ ಬಹಳ ಪ್ರಿಯ. ನಾವು ವರಹ ಎನ್ನುವುದನ್ನು ಯುರೋಪಿನವರು ಪಗೋಡ ಎನ್ನುತ್ತಿದ್ದರು. ಗುಡಿಗೂ ಅವರದು ಅದೇ ಮಾತು. ಈಸ್ಟ್ ಇಂಡಿಯಾ ಕಂಪನಿ 1808ರ ಸುಮಾರಿಗೆ ಮದರಾಸಿನಲ್ಲಿ ಬೆಳ್ಳಿಯ ಅರ್ಧ ಪಗೋಡ ಅಚ್ಚು ಹಾಕಿದಾಗ ಒಂದು ಬದಿಗೆ ನಕ್ಷತ್ರಗಳ ನಡುವೆ ದೊಡ್ಡ ಗೋಪುರ, ಇನ್ನೊಂದು ಬದಿಗೆ ವಿಷ್ಣು. ಗೋಪುರದ ಸುತ್ತ ಇಂಗ್ಲಿಷ್ ಮತ್ತು ಪಾರಸಿ, ವಿಷ್ಣುವಿನ ಸುತ್ತ ತಮಿಳು ಮತ್ತು ತೆಲುಗು. ಕನ್ನಡಕ್ಕೆ ಜಾಗವಿಲ್ಲ. ಆದರೆ ಆ ಪಾರಸಿ ಬರಹದಲ್ಲಿ ನಾಣ್ಯದ ಹೆಸರು 'ಹುನ್' ಎಂದಿದೆ. ಅದು ನಮ್ಮ ಹೊನ್ನು. ಲಿಪಿ ಸಿಗದಿದ್ದರೂ ಮಾತು ಹೇಗೋ ಒಳಗೆ ನುಸುಳಿಕೊಂಡು ಕೂತಿದೆ.

ಇಂಥ ಮಾತುಗಳನ್ನು ನಾನು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಬಹಳ ಆಡಿದ್ದೇನೆ. ಧಾರವಾಡದ ವಿಚಾರ ಸಂಕಿರಣಗಳಲ್ಲಿ ಸಿಗದ ಕೇಳುಗ ನನಗೆ ಬ್ಯಾಡಗಿಯಲ್ಲಿ ಸಿಕ್ಕಿದ್ದ. ಅದರಿಂದ ಆದದ್ದನ್ನು ಈಗ ಹೇಳಬೇಕು.

ಕಳೆದ ವರ್ಷ ಒಂದು ಮಧ್ಯಾಹ್ನ ಕಾಕಾ ವಾಟ್ಸಾಪಿನಲ್ಲಿ ತಂಜಾವೂರಿನ ನಾಣ್ಯದ ಫೋಟೋ ಕಳಿಸಿದ. ಕೆಳಗೆ ಧ್ವನಿ ಸಂದೇಶ: "ತಮ್ಮಾ, ಇದಕ್ಕ ಬೆಲಿ ಐತೇನು?" ನಾನಾಗ ಅಧ್ಯಾಯವೊಂದನ್ನು ಮಾರ್ಗದರ್ಶಕರಿಗೆ ಒಪ್ಪಿಸುವ ಗಡಿಬಿಡಿಯಲ್ಲಿದ್ದೆ. ಹಿಂದೆಮುಂದೆ ಕೇಳದೆ ಬರೆದೆ: "ಹೌದು ಕಾಕಾ, ಸ್ಮಾರಕ ನಾಣ್ಯ. ಬಹಳ ಬೆಲೆಬಾಳುವಂಥದ್ದು. ಜೋಪಾನವಾಗಿಡು." ಬರೆದು ಮರೆತುಬಿಟ್ಟೆ.

ಅವನು ಕೇಳಿದ್ದು ಯಾವ ಬೆಲೆ, ನಾನು ಹೇಳಿದ್ದು ಯಾವ ಬೆಲೆ! ಫೋನಿನಲ್ಲಿ ಅವನಿಗೊಂದು ವಿಡಿಯೋ ಬಂದಿತ್ತು. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಹತ್ತು ಲಕ್ಷ, ಸಂಸತ್ ಭವನದ್ದಕ್ಕೆ ಮೂರು ಲಕ್ಷ, ತಂಜಾವೂರಿನದಕ್ಕೆ ಐದು ಲಕ್ಷ. ಕೆಳಗೆ ಒಂದು ನಂಬರು. ಕಾಕಾ ಅರ್ಧ ನಂಬಿದ್ದ, ಅರ್ಧ ನಂಬಿರಲಿಲ್ಲ. ಆ ಉಳಿದ ಅರ್ಧವನ್ನು ನನ್ನ ಉತ್ತರ ತುಂಬಿತು. "ನಮ್ಮ ಹುಡುಗ ಇದರಾಗ ಡಾಕ್ಟರ್ ಆಗಾಕತ್ಯಾನ, ಅವನ ಹೇಳ್ಯಾನ" ಎಂದು ಚಿಗವ್ವನ ಮುಂದೆ ಹೇಳಿದನಂತೆ.

ಮೊದಲು ನೋಂದಣಿ ಶುಲ್ಕ ಎಂದು 1,150 ರೂಪಾಯಿ. ಹುಲಿ ಮತ್ತು ತಾಳೆಮರದ ಮುದ್ರೆಯಿದ್ದ, ರಿಸರ್ವ್ ಬ್ಯಾಂಕಿನದೆಂದು ನಂಬಿಸುವ ಪತ್ರವೊಂದು ಫೋನಿಗೆ ಬಂತು. ಆಮೇಲೆ ಜಿಎಸ್‌ಟಿ ಎಂದು 5,500. ಕೊನೆಗೆ, ಹಣ ತರುವ ಗಾಡಿ ಹುಬ್ಬಳ್ಳಿ ದಾಟಿದೆ, ವಿಮೆ ಕಟ್ಟಬೇಕು ಎಂದು 12,000. ಒಟ್ಟು 18,650 ರೂಪಾಯಿ. ಹತ್ತು ರೂಪಾಯಿಗೊಂದರಂತೆ 1,865 ಚಹಾ. ಗಾಡಿಗಾಗಿ ಅವನು ಅಂಗಡಿಯ ಮುಂದೆ ಒಂದು ಹಗಲು ಪೂರ್ತಿ ಕಾದಿದ್ದಾನೆ. ನನಗೆ ಹೇಳಿದ್ದು ಹನ್ನೊಂದು ದಿನದ ಮೇಲೆ, ಅದೂ ಚಿಗವ್ವ.

ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಕೊಟ್ಟಿತ್ತು. ಅದನ್ನು ನಾನು ಓದಿದ್ದೆ. ಓದಿದ್ದನ್ನು ಕಾಕಾನಿಗೆ ಹೇಳಬೇಕೆಂದು ತೋಚಿರಲಿಲ್ಲ. ಹೊಟ್ಟೂರಿನ ಶಾಸನ ಹೇಳಲು ತೋಚಿತ್ತು. ವೈಷ್ಣೋದೇವಿಯ ನಾಣ್ಯಗಳಾದರೋ 2012ರಲ್ಲಿ ಬಂದ ಸಾಮಾನ್ಯ ಚಲಾವಣೆಯವು. ಐದರದು ಐದಕ್ಕೆ, ಹತ್ತರದು ಹತ್ತಕ್ಕೆ.

ಹತ್ತಕ್ಕೆ ಎಂದೆನಲ್ಲ, ನಮ್ಮ ಕಡೆ ಅದೂ ಪೂರ್ತಿ ನಿಜವಲ್ಲ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಲ್ಲಿ ಹತ್ತರ ನಾಣ್ಯ ಕೊಟ್ಟು ನೋಡಿ. ಅಂಗಡಿಯವರು ಹಾವು ಕಂಡವರಂತೆ ಕೈ ಹಿಂದೆಗೆಯುತ್ತಾರೆ. ಗೆರೆ ಹತ್ತಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ, ರೂಪಾಯಿ ಚಿಹ್ನೆ ಇಲ್ಲದಿದ್ದರೆ ನಡೆಯುವುದಿಲ್ಲ ಎಂಬ ಗಾಳಿಮಾತು ಯಾವಾಗಲೋ ಹಬ್ಬಿ ಬೇರು ಬಿಟ್ಟಿದೆ. 14 ವಿನ್ಯಾಸಗಳ ಹತ್ತರ ನಾಣ್ಯಗಳೂ ಕಾನೂನುಬದ್ಧ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಹೇಳಿದರೂ ಕೇಳುವವರಿಲ್ಲ. ಯಾರದೋ ವಿಡಿಯೋ ಹತ್ತು ಲಕ್ಷ ಎಂದರೆ ನಂಬುವ ಜನ, ಸರ್ಕಾರ ಹತ್ತು ರೂಪಾಯಿ ಎಂದರೆ ನಂಬುವುದಿಲ್ಲ. ಕಾಕಾನ ಅಂಗಡಿಯೊಂದರಲ್ಲಿ ಮಾತ್ರ ಅದು ನಡೆಯುತ್ತಿತ್ತು. ಹಾಗಾಗಿ ಊರಿನವರೆಲ್ಲ ತಮ್ಮ ಹತ್ತರ ನಾಣ್ಯಗಳನ್ನು ಅಲ್ಲಿಗೇ ತಂದು ಸುರಿಯುತ್ತಿದ್ದರು.

ಚಿಗವ್ವನ ಫೋನು ಬಂದ ಮರುದಿನವೇ ಊರಿಗೆ ಹೋದೆ. ಕಾಕಾ ನನ್ನ ಮುಖ ನೋಡಲಿಲ್ಲ. ಲೋಟ ತೊಳೆಯುತ್ತಲೇ ಇದ್ದ. ತೊಳೆದ ಲೋಟಗಳನ್ನೇ ಮತ್ತೆ ತೊಳೆದ. ನಾನು ಬೈಯುತ್ತೇನೆಂದು ಅವನಿಗೆ ಹೆದರಿಕೆ, ಅವನು ಬೈಯುತ್ತಾನೆಂದು ನನಗೆ.

"ಕಾಕಾ, ನನ್ನ ಯಾಕ ಒಂದು ಮಾತು ಕೇಳಲಿಲ್ಲ ನೀ?" ಎಂದೆ.

"ಕೇಳಿದ್ನೆಲ್ಲೋ" ಎಂದ.

ಆ ಒಂದು ಪದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಫೋನು ತೆಗೆದು ಆ ಸಂದೇಶವನ್ನು ತೋರಿಸಬೇಕಾದ ಅಗತ್ಯ ಅವನಿಗೂ ಇರಲಿಲ್ಲ, ನನಗೂ.

1930ಕ್ಕೆ ಫೋನು ಮಾಡಿ ದೂರು ದಾಖಲಿಸಿದೆವು. ಹಣ ಹೋದ ಕೂಡಲೇ ಮಾಡಿದ್ದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹನ್ನೊಂದು ದಿನ ಎಂದರೆ ಅದು ಎಷ್ಟು ಖಾತೆ ದಾಟಿರುತ್ತದೋ. ಆಮೇಲೆ ಹಾವೇರಿಗೆ ಹೋಗಿ ಪೊಲೀಸರಿಗೂ ಬರೆದುಕೊಟ್ಟೆವು. ಅಲ್ಲಿದ್ದವರೊಬ್ಬರು ಸೌಜನ್ಯದಿಂದಲೇ ಎಲ್ಲ ಬರೆದುಕೊಂಡು, ನಾಣ್ಯ ತೋರಿಸಿ ಎಂದರು. ಕಾಕಾ ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟ. ತಂಜಾವೂರು, ಸಂಸತ್ತು, ವೈಷ್ಣೋದೇವಿ. ಅವರು ಒಂದೊಂದಾಗಿ ನೋಡಿ, "ಇಂಥವು ನಮ್ಮ ಮನ್ಯಾಗೂ ಅದಾವಲ್ರೀ" ಎಂದರು. ಕಾಕಾನ ಮುಖದಲ್ಲಿ ಅವತ್ತು ಮೊದಲ ಸಲ ನಗುವಿನಂಥದ್ದೊಂದು ಬಂತು. ಹಣ ಕಳೆದುಕೊಂಡ ನಾಚಿಕೆಗಿಂತ ಒಬ್ಬನೇ ಕಳೆದುಕೊಂಡೆನೆಂಬ ನಾಚಿಕೆ ದೊಡ್ಡದಿತ್ತೋ ಏನೋ.

ಬಸ್ ನಿಲ್ದಾಣದ ಹತ್ತಿರ ಶೇಂಗಾ ಕೊಂಡೆವು. ಕಾಕಾ ಸಂಸತ್ ಭವನದ ಹತ್ತರ ನಾಣ್ಯ ಕೊಟ್ಟ. ಬೇಕೆಂದೇ ಕೊಟ್ಟನೋ, ಕೈಗೆ ಸಿಕ್ಕಿದ್ದು ಅದೇ ಆಗಿತ್ತೋ ಗೊತ್ತಿಲ್ಲ. "ಇದು ನಡಿಯಂಗಿಲ್ರಿ ಯಜಮಾನ್ರ, ನೋಟು ಕೊಡ್ರಿ" ಎಂದು ಶೇಂಗಾದವಳು ವಾಪಸ್ ಕೊಟ್ಟಳು. ಮೂರು ಲಕ್ಷದ ನಾಣ್ಯಕ್ಕೆ ಹತ್ತು ರೂಪಾಯಿಯ ಶೇಂಗಾ ಬರಲಿಲ್ಲ. ಇಬ್ಬರೂ ನಕ್ಕೆವು. ನಗು ಶುರುವಾದ ಮೇಲೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಶೇಂಗಾದವಳು ನಮ್ಮನ್ನು ಅನುಮಾನದಿಂದ ನೋಡಿದಳು.

ಬಸ್ಸಿಗೆ ಹೊತ್ತಿತ್ತು. ಸಿದ್ಧೇಶ್ವರ ಗುಡಿಗೆ ಹೋಗೋಣ ಎಂದೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ, 12ನೇ ಶತಮಾನದ್ದು, ಬಳಪದ ಕಲ್ಲಿನದು. ಸಾಮಾನ್ಯವಾಗಿ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ. ಸಂಜೆಯ ಬೆಳಕು ನೇರ ಬಾಗಿಲಿಗೇ ಬೀಳುತ್ತದೆ. ಕಾಕಾ ಒಳಗೆ ಹೋಗುವ ಬದಲು ಗೋಡೆಯ ಗುಂಟ ನಡೆಯತೊಡಗಿದ. ಹಳೆಯ ಚಾಳಿ. ಒಂದು ಕಡೆ ನಿಂತು ಕರೆದ.

ಗೋಡೆಯ ಮೇಲೆ ಸಣ್ಣ ಸಣ್ಣ ಗುಡಿಗಳಿದ್ದವು. ನಮ್ಮ ಈ ಸೀಮೆಯ ಶಿಲ್ಪಿಗಳ ವಾಡಿಕೆ ಅದು. ತೆಳ್ಳನೆಯ ಅರೆಗಂಬ, ಅದರ ಮೇಲೆ ಒಂದು ಪುಟ್ಟ ಶಿಖರ, ಅದರಲ್ಲೂ ಅಂತಸ್ತುಗಳು, ತುದಿಗೆ ಕಳಶ. ಗುಡಿಯ ಗೋಡೆಯ ಮೇಲೆ ಗುಡಿಯ ಚಿತ್ರ. ನನ್ನ ಪ್ರಬಂಧಕ್ಕಾಗಿ ಇದೇ ಗುಡಿಗೆ ಹಲವು ಸಲ ಬಂದಿದ್ದೇನೆ. ಅಕ್ಷರವಿದ್ದ ಕಲ್ಲುಗಳನ್ನಷ್ಟೇ ನೋಡಿ ಹೋಗಿದ್ದೆ.

"ನಾಣ್ಯದಾಗ ಇಲ್ಲಂದ್ರೇನಾತು, ಇಲ್ಲೇ ಕೆತ್ಯಾರಲ್ಲ" ಎಂದ ಕಾಕಾ. ಹೆಬ್ಬೆರಳಿನಿಂದ ಆ ಶಿಖರದ ಅಂಚು ಸವರಿ, "ಉಳಿ ಎಷ್ಟು ಸಣ್ಣದಿದ್ದೀತು ನೋಡು. ಇದನ್ನ ಕೆತ್ತಿದವಂಗ ಎಷ್ಟು ಕೊಟ್ಟಿರಬಹುದು?" ಎಂದು ಕೇಳಿದ. ದೇವರಿಗೆ ಕೊಟ್ಟ ಗದ್ಯಾಣಗಳ ಪಟ್ಟಿ ನನ್ನ ಬಳಿ ಪುಟಗಟ್ಟಲೆ ಇದೆ. ಕೆತ್ತಿದವನ ಕೂಲಿಯ ಮಾತನ್ನು ನನ್ನ ಯಾವ ಅಧ್ಯಾಯವೂ ಎತ್ತಿಲ್ಲ. ಆ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಬೇಗ ಉತ್ತರಿಸುವ ಧೈರ್ಯ ಬರಲಿಲ್ಲ.

ಒಳಗೆ ಮಂಗಳಾರತಿ ತಟ್ಟೆ ಬಂತು. ಕಾಕಾ ಜೇಬಿಗೆ ಕೈ ಹಾಕಿ, ಶೇಂಗಾದವಳು ಬೇಡವೆಂದ ಸಂಸತ್ತನ್ನು ತೆಗೆದು ತಟ್ಟೆಗೆ ಹಾಕಿದ. ಅರ್ಚಕರು ಅದನ್ನು ನೋಡಲೂ ಇಲ್ಲ, ಕುಂಕುಮ ಕೊಟ್ಟು ಮುಂದೆ ಹೋದರು. "ಇಲ್ಲಿ ನಡೀತೈತಿ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕರವಸ್ತ್ರದ ಗಂಟನ್ನು ಮತ್ತೆ ಬಿಚ್ಚಿದ. ವೈಷ್ಣೋದೇವಿಯ ನಾಣ್ಯಗಳನ್ನು ನನ್ನ ಕೈಗೆ ಸುರಿದು, "ಇವನ್ನ ಬ್ಯಾಂಕಿಗೆ ಕಟ್ಟಿಬಿಡು, ಇವುಕ್ಕ ಕಟ್ಟಡಾನೂ ಇಲ್ಲ" ಎಂದ. ಐದರ ತಂಜಾವೂರನ್ನು ಬೆರಳ ನಡುವೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದ. ಮೋಟೆಬೆನ್ನೂರು ದಾಟುವಾಗ ಕೇಳಿದ:

"ತಮ್ಮಾ, ಇಲ್ಲಿಂದ ಆ ತಂಜಾವೂರಿಗೆ ಹೋಗಿ ಬರಾಕ ಇಬ್ಬರಿಗೆ ಎಷ್ಟಾಗಬಹುದು?"

ಈ ಸಲ ಫೋನು ತೆಗೆದು, ರೈಲು ಯಾವುದು, ಎಲ್ಲಿ ಇಳಿಯಬೇಕು, ಟಿಕೇಟಿಗೆ ಎಷ್ಟು, ಊಟಕ್ಕೆ ಎಷ್ಟು ಎಂದು ಒಂದೊಂದಾಗಿ ನೋಡಿ ಹೇಳತೊಡಗಿದೆ.